100 ಲೀಟರ್ ರೀಫ್ ಟ್ಯಾಂಕಿನಿಂದ 4 ಅಡಿಗೆ ಹೋಗಲೇ?

ಪ್ರಶ್ನೆ:
ಬೆಂಗಳೂರು, 3ನೇ ಮಹಡಿ ಫ್ಲ್ಯಾಟ್. ಹವಳ ಸಾಕೋ ನನ್ನ 100 ಲೀಟರ್ ಉಪ್ಪುನೀರಿನ ಟ್ಯಾಂಕ್ (ರೀಫ್ ಟ್ಯಾಂಕ್) ಎರಡು ವರ್ಷದಿಂದ ಚೆನ್ನಾಗಿ ನಡೀತಿದೆ. ಒಂದು ಜೋಡಿ ಕ್ಲೌನ್ ಮೀನು, ಹವಳದ ಜಾತಿಯ ಜೊವಾಂತಿಡ್, ಮಶ್ರೂಮ್ ಇವೆ. ಲೆದರ್ ಕೋರಲ್ (ಒಂದು ಮೆತ್ತನೆ ಹವಳ) ಎಷ್ಟು ಬೆಳೆದಿದೆ ಅಂದ್ರೆ ಪಕ್ಕದ ಜೊವಾಂತಿಡ್‌ಗಳಿಗೆ ಬೆಳಕೇ ಬೀಳಲ್ಲ. 4x2x2 ಅಡಿ ಟ್ಯಾಂಕ್ ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ತಗೊಳ್ಳಲಾ?

ಉತ್ತರ 1:
ಮೊದಲು ತೂಕ ನೋಡಿ. 16 ಘನ ಅಡಿ ಅಂದ್ರೆ ಸುಮಾರು 450 ಲೀಟರ್, ನೀರೇ 450 ಕೆಜಿ ದಾಟುತ್ತೆ, ಗಾಜು, ಕಲ್ಲು, ಸಂಪ್ (ಟ್ಯಾಂಕಿನ ಕೆಳಗಿಡೋ ಫಿಲ್ಟರ್ ತೊಟ್ಟಿ) ಬೇರೆ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ದುಡ್ಡು ಕೊಡಬೇಡಿ. ಆಮೇಲೆ ಉಪ್ಪು. ಲೀಟರಿಗೆ ಹೆಚ್ಚುಕಮ್ಮಿ 35 ಗ್ರಾಂ, 10% ನೀರು ಬದಲಿಸಿದರೂ ಪ್ರತಿ ಸಲ ಒಂದೂವರೆ ಕೆಜಿಗಿಂತ ಜಾಸ್ತಿ.

ಉತ್ತರ 2:
ನಾನು ದೊಡ್ಡ ಟ್ಯಾಂಕಿಗೆ ಹೋದೆ, ಬೇಜಾರಿಲ್ಲ. ನೀರು ಜಾಸ್ತಿ ಇದ್ದರೆ ಉಷ್ಣಾಂಶ, ಉಪ್ಪಿನಂಶ ಬೇಗ ಏರುಪೇರಾಗಲ್ಲ. ಆದರೆ ಹಳೇ ಮರಳನ್ನು ಹಾಗೇ ಸುರಿದೆ ನೋಡಿ, ಅಡಿಯಲ್ಲಿದ್ದ ಕೊಳಕೆಲ್ಲ ಮೇಲೆದ್ದು ಮರುದಿನ ಬೆಳಿಗ್ಗೆ ನೀರು ಗಂಜಿಯಂತೆ ಇತ್ತು, ಎರಡು ಮೀನು ಹೋದವು. ಕಲ್ಲು ಒದ್ದೆಯಾಗೇ ಸಾಗಿಸಿ, ಮರಳು ಹೊಸದು ಹಾಕಿ. ಕರೆಂಟ್ ಹೋದಾಗ ಸಂಪ್‌ನಿಂದ ನೀರು ಮೇಲೆತ್ತೋ ರಿಟರ್ನ್ ಪಂಪ್ ನಿಂತು ನೀರು ಸಂಪ್‌ಗೆ ಇಳಿಯುತ್ತೆ, ಅಲ್ಲಿ ಜಾಗ ಇರಲಿ. ಟ್ಯಾಂಕಿನ ನೀರನ್ನು ಆಡಿಸೋ ವೇವ್‌ಮೇಕರಿಗೆ ಬ್ಯಾಟರಿ ಬೇಕೇ ಬೇಕು.

ಉತ್ತರ 3:
ದೊಡ್ಡ ಟ್ಯಾಂಕ್ ಬಂತು ಅಂತ ಕಲ್ಲು ಹವಳಕ್ಕೆ (ಗಟ್ಟಿ ಹವಳ) ಕೈ ಹಾಕಬೇಡಿ, ನಮ್ಮ ಸಮುದ್ರದವು ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಯಲ್ಲಿ. ಸುಮ್ನೆ ಕೇಳ್ತೀನಿ, ಲೆದರನ್ನು ಕತ್ತರಿಸಿ ಯಾರಿಗಾದರೂ ಕೊಟ್ಟರೆ ಜಾಗ ಆಗುತ್ತೆ ಅಲ್ವಾ?

ಪ್ರಶ್ನೆ ಕೇಳಿದವರು:
ಕತ್ತರಿಸೋದು ತಲೆಗೇ ಬಂದಿರಲಿಲ್ಲ! ಭಾನುವಾರ ಬ್ಲೇಡ್ ತಗೋತೀನಿ. ಟ್ಯಾಂಕ್ ಆಮೇಲೆ.