ಧ್ರುವ ಪಲ್ಲಟದ ವೇಳೆ ಕಾಂತಕ್ಷೇತ್ರ ಅಷ್ಟು ಬೇಗ ತಿರುಗುವುದು ಹೇಗೆ?

ಪ್ರಶ್ನೆ (ಕೋಥ್ರೂಡ್, ಪುಣೆ):
ಮಹಾಬಳೇಶ್ವರದ ಘಾಟಿಯ ಬಸಾಲ್ಟ್ (ಲಾವಾ ತಣಿದು ಆಗುವ, ಆಗಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಡುವ ಬಂಡೆ) ಪದರಗಳಲ್ಲಿ ಕೆಳಗಿನವು ಇಂದಿನದಕ್ಕೆ ವಿರುದ್ಧವಾದ ಧ್ರುವೀಯತೆಯನ್ನೂ ಮೇಲಿನವು ಇಂದಿನ ಧ್ರುವೀಯತೆಯನ್ನೂ ಉಳಿಸಿಕೊಂಡಿವೆ. ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನ ಲಾವಾ ಹರಿಯುತ್ತಿದ್ದ ಕಾಲದಲ್ಲೇ ಭೂಮಿಯ ಕಾಂತಕ್ಷೇತ್ರ ತಿರುಗಿತು. ಇಂಥ ಪಲ್ಲಟಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ ಎಂದು ಓದಿದ್ದೇನೆ. ಆದರೆ ಡೇವೀಸ್ ಮತ್ತು ಕಾನ್‌ಸ್ಟಬಲ್ ಅವರ 2020ರ ಅಧ್ಯಯನದ ಪ್ರಕಾರ ಕ್ಷೇತ್ರದ ದಿಕ್ಕು ವರ್ಷಕ್ಕೆ 10 ಡಿಗ್ರಿಯವರೆಗೂ ಬದಲಾಗಬಲ್ಲದು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಕಾಂತಕ್ಷೇತ್ರವನ್ನು ಹುಟ್ಟಿಸುವ, ಭೂಮಿಯ ಹೊರತಿರುಳಿನ ದ್ರವ ಕಬ್ಬಿಣ ಆಗ ಇದ್ದಕ್ಕಿದ್ದಂತೆ ವೇಗ ಪಡೆಯುತ್ತದೆಯೇ?

ಉತ್ತರ (ಠಾಣೆ):
ಹರಿವು ವೇಗ ಪಡೆಯಬೇಕಾದ ಅಗತ್ಯವೇ ಇಲ್ಲ. ಸುಮಾರು 2,900 ಕಿ.ಮೀ. ಆಳದಲ್ಲಿ ಶುರುವಾಗುವ ಹೊರತಿರುಳಿನ ಕಬ್ಬಿಣ ಇಂದಿಗೂ ವರ್ಷಕ್ಕೆ ಹತ್ತಿಪ್ಪತ್ತು ಕಿ.ಮೀ. ಚಲಿಸುತ್ತಿದೆ, ಆದರೂ ದಿಕ್ಸೂಚಿ ಹೆಚ್ಚು ಅಲುಗದಿರುವುದು ಉತ್ತರ-ದಕ್ಷಿಣವಾಗಿ ನಿಂತ ದ್ವಿಧ್ರುವ (ಪಟ್ಟಿ ಅಯಸ್ಕಾಂತದಂಥ) ಅಂಶ ಪ್ರಬಲವಾಗಿದ್ದು ಸ್ಥಳೀಯ ಏರುಪೇರುಗಳನ್ನು ಮುಚ್ಚಿಹಾಕುವುದರಿಂದ. ನಮ್ಮ ಅಲಿಬಾಗ್ ವೀಕ್ಷಣಾಲಯದ ಸುತ್ತ ಕ್ಷೇತ್ರದ ತೀವ್ರತೆ ಸುಮಾರು 43,000 ನ್ಯಾನೋಟೆಸ್ಲಾ. ಅದಕ್ಕೆ ಲಂಬವಾಗಿ 500 ನ್ಯಾನೋಟೆಸ್ಲಾದಷ್ಟು ಬದಲಾವಣೆ ಕೂಡಿದರೆ ದಿಕ್ಕು ಒಂದು ಡಿಗ್ರಿಯೂ ತಿರುಗದು. ಪಲ್ಲಟದ ನಡುವೆ ಕ್ಷೇತ್ರ 4,000ಕ್ಕೆ ಕುಸಿದಿದೆ ಎಂದುಕೊಳ್ಳಿ. ಅದೇ ಬದಲಾವಣೆ ಏಳು ಡಿಗ್ರಿ ತಿರುಗಿಸುತ್ತದೆ. ನನಗೆ ಇಡೀ ವಿಷಯದ ಕೀಲಿ ಇದೇ ಎನಿಸುತ್ತದೆ.

ಹೀಗೆ ದ್ವಿಧ್ರುವ ಕುಗ್ಗಿದಾಗ ತಿರುಳಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಇರುವ, ಸುತ್ತಲಿನದಕ್ಕೆ ವಿರುದ್ಧ ದಿಕ್ಕಿನ ಕಾಂತರೇಖೆಗಳ, ಅಂದರೆ ಫ್ಲಕ್ಸ್‌ನ ತೇಪೆಗಳೇ ಮೇಲುಗೈ ಪಡೆಯುತ್ತವೆ. ನೀವು ಹೇಳಿದ ಅಧ್ಯಯನದ ಸಿಮ್ಯುಲೇಶನ್‌ಗಳಲ್ಲಿ ಅತಿ ವೇಗದ ತಿರುವುಗಳು ಕಂಡದ್ದು ಇಂಥ ತೇಪೆಗಳು ಸರಿದು ಹೋಗುವ ಕಡೆ, ಅದರಲ್ಲೂ ಸಮಭಾಜಕದ ಸಮೀಪದ ಅಕ್ಷಾಂಶಗಳಲ್ಲಿ. ಆದ್ದರಿಂದ ಇಡೀ ಪಲ್ಲಟ ಸಾವಿರಾರು ವರ್ಷ ತೆಗೆದುಕೊಂಡರೂ ಒಂದು ಸ್ಥಳದಲ್ಲಿ ಕೆಲವು ವರ್ಷಗಳ ಮಟ್ಟಿಗೆ ದಿಕ್ಕು ಬಿರುಸಾಗಿ ಹೊರಳುವುದಕ್ಕೆ ಅಡ್ಡಿಯಿಲ್ಲ.

ಉತ್ತರ (ಪಣಜಿ):
ಮೇಲಿನ ವಿವರಣೆ ಸರಿ. ಆದರೆ ಬಂಡೆಗಳಿಂದ ವೇಗ ಲೆಕ್ಕ ಹಾಕುವಾಗ ಎಚ್ಚರ ಬೇಕು. ಅಮೆರಿಕದ ಆರೆಗಾನ್ ರಾಜ್ಯದ ಸ್ಟೀನ್ಸ್ ಪರ್ವತದ, ಸುಮಾರು 1.6 ಕೋಟಿ ವರ್ಷ ಹಳೆಯ ಲಾವಾದ ಆಧಾರದ ಮೇಲೆ ದಿಕ್ಕು ದಿನಕ್ಕೆ ಆರು ಡಿಗ್ರಿಯಷ್ಟು ತಿರುಗಿರಬಹುದೆಂದು 1995ರಲ್ಲಿ ವಾದಿಸಲಾಗಿತ್ತು. 2014ರಲ್ಲಿ ಆ ವಾದವನ್ನು ಮುಂದಿಟ್ಟವರೇ ಮತ್ತಷ್ಟು ನಿಖರವಾಗಿ ಅಳೆದು ಅದನ್ನು ಕೈಬಿಟ್ಟರು. ಅಂಥ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ. ದಿನಗಳ ಲೆಕ್ಕದ ಬದಲಾವಣೆಗೆ ತಿರುಳಿನ ಮೇಲಿನ ಬಂಡೆಯ ಪದರವಾದ ಮ್ಯಾಂಟಲ್ ಕೂಡ ಅಡ್ಡ ಬರುತ್ತದೆ: ಅದು ಅಲ್ಪಸ್ವಲ್ಪ ವಿದ್ಯುದ್ವಾಹಕವಾದ್ದರಿಂದ ತಿರುಳಿನಲ್ಲಾಗುವ ಅತಿ ಶೀಘ್ರ ಏರಿಳಿತಗಳನ್ನು ಮೇಲ್ಮೈ ತಲುಪುವ ಮುನ್ನವೇ ಸೋಸಿಬಿಡುತ್ತದೆ. ವರ್ಷಗಳ ಲೆಕ್ಕದ ಬದಲಾವಣೆಯ ಮಾತು ಬೇರೆ. ಲಷಾಂಪ್ ವಿಚಲನದ (ಕ್ಷೇತ್ರ ಅಲ್ಪಕಾಲ ತಿರುಗಿ ಮರಳಿದ ಘಟನೆಯ) ನಂತರ, ಸುಮಾರು 39,000 ವರ್ಷಗಳ ಹಿಂದೆ, ಮಧ್ಯ ಅಮೆರಿಕದ ಪಶ್ಚಿಮ ಕರಾವಳಿಯಾಚೆ ಕ್ಷೇತ್ರ ಸ್ಥಳೀಯವಾಗಿ ದುರ್ಬಲವಾಗಿದ್ದಾಗ ದಿಕ್ಕು ವರ್ಷಕ್ಕೆ ಸುಮಾರು 2.5 ಡಿಗ್ರಿ ತಿರುಗಿತೆಂದು ಡೇವೀಸ್ ಮತ್ತು ಕಾನ್‌ಸ್ಟಬಲ್ ತೋರಿಸಿದ್ದಾರೆ.