ಮೆನ್ಸಾ ನಕ್ಷತ್ರಪುಂಜವನ್ನು ನೋಡಿದವರಿದ್ದೀರಾ?

ತಾರೆಗಣ್ಣು:
ಕೆಲಸದ ಮೇಲೆ ಕೇಪ್‌ಟೌನ್‌ಗೆ ಬಂದಿದ್ದೇನೆ. ಇಲ್ಲಿನ ಟೇಬಲ್ ಮೌಂಟನ್ ಹೆಸರಲ್ಲೇ ಒಂದು ನಕ್ಷತ್ರಪುಂಜ ಇದೆ ಅಲ್ವಾ, ಮೆನ್ಸಾ (ಲ್ಯಾಟಿನ್‌ನಲ್ಲಿ ಮೇಜು) ಅಂತ? ಮೂರು ರಾತ್ರಿ ಮಹಡಿ ಮೇಲೆ ನಿಂತು ಹುಡುಕಿದೆ, ಸಿಗಲಿಲ್ಲ. ಮೈಸೂರಿಗೆ ವಾಪಸ್ ಬಂದ ಮೇಲೆ ಕಾಣಬಹುದಾ?

ಕತ್ತಲಬೆಟ್ಟ:
ಮೈಸೂರಿನ ಆಸೆ ಬಿಡಿ. ಅದರ ಮುಖ್ಯ ನಕ್ಷತ್ರ ಅಲ್ಲಿ ದಿಗಂತದಿಂದ ಮೂರು ಡಿಗ್ರಿ ಕೂಡ ಏರುವುದಿಲ್ಲ. ಇರುವಾಗಲೇ ನೋಡಿಬಿಡಿ. ಊರ ಬೆಳಕಲ್ಲಿ ಮಾತ್ರ ಆಗದು, ಯಾಕೆಂದರೆ 88 ಪುಂಜಗಳಲ್ಲಿ ಇದೇ ಅತಿ ಮಂಕು, ಅತಿ ಹೊಳೆಯುವ ನಕ್ಷತ್ರವೇ 5.1ರ ಕಾಂತಿಮಾನದ್ದು (ಈ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು). ಜನವರಿಯಲ್ಲಿ ಚಂದ್ರ ಇಲ್ಲದ ರಾತ್ರಿ, ಹತ್ತರ ಹೊತ್ತಿಗೆ, ಊರಾಚೆ ಹೋಗಿ ಮೊದಲು ಹೊಳೆಯುವ ಅಗಸ್ತ್ಯ ನಕ್ಷತ್ರವನ್ನು (ಕ್ಯಾನೊಪಸ್) ಹಿಡಿಯಿರಿ, ಅಲ್ಲಿಂದ ದಕ್ಷಿಣ ಧ್ರುವದ ಕಡೆ ಕಣ್ಣು ಇಳಿಸಿದರೆ ಹಿಂಜಿದ ಹತ್ತಿಯ ಹಾಗೆ ದೊಡ್ಡ ಮೆಗಲಾನಿಕ್ ಮೋಡ ಎಂಬ ನೆರೆಯ ಗ್ಯಾಲಕ್ಸಿ ಸಿಗುತ್ತದೆ. ಅದರ ಕೆಳಗೆ ಖಾಲಿ ಅನ್ನಿಸುವ ಜಾಗವೇ ಮೆನ್ಸಾ.

ಹಳೇದೂರದರ್ಶಕ:
ಆ ಮೋಡದ ಒಂದು ಅಂಚು ಮೆನ್ಸಾ ಒಳಗೇ ಇದೆ. ಟೇಬಲ್ ಮೌಂಟನ್ ನೆತ್ತಿ ಮೇಲೂ ಬಿಳಿ ಮೋಡ ಹಾಸಿಕೊಳ್ಳುತ್ತದಲ್ಲ, ಮೇಜಿನ ಬಟ್ಟೆ ಅಂತಾರೆ, ಹಾಗೇ! 1751ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಖಗೋಳಜ್ಞ ಲಕಾಯ್ ಸಣ್ಣ ದೂರದರ್ಶಕದಲ್ಲಿ ಸುಮಾರು 10,000 ನಕ್ಷತ್ರಗಳ ಸ್ಥಾನ ಅಳೆದರು. ತಾವು ಕೆಲಸ ಮಾಡಿದ ಊರಿನ ಬೆಟ್ಟದ ಹೆಸರನ್ನೇ ಆಕಾಶಕ್ಕೂ ಇಟ್ಟರು. ನನಗೆ ಇದು ತುಂಬಾ ಇಷ್ಟ. ಬೈನಾಕ್ಯುಲರ್ ಇದ್ದರೆ ಪೈ ಮೆನ್ಸೆ ನಕ್ಷತ್ರವನ್ನೂ ಹುಡುಕಿ. 2018ರಲ್ಲಿ ನಾಸಾದ ಗ್ರಹ ಹುಡುಕುವ ಟೆಸ್ ಉಪಗ್ರಹ ಅದರ ಸುತ್ತ ಆರು ದಿನಕ್ಕೊಮ್ಮೆ ಸುತ್ತುವ ಗ್ರಹವನ್ನು ಕಂಡುಹಿಡಿಯಿತು.

ತಾರೆಗಣ್ಣು:
ತುಂಬಾ ಥ್ಯಾಂಕ್ಸ್. ಅಮಾವಾಸ್ಯೆಗೆ ಊರಾಚೆ ಹೊರಡುತ್ತೇನೆ, ಕಂಡರೆ ಇಲ್ಲೇ ಬರೆಯುತ್ತೇನೆ.