ಪ್ಲಗ್ (ಗಾಳದ ಹುಸಿ ಮೀನು) ಕಟ್ಟಿ ಎಳೆದರೂ ಸಾಲ್ಮನ್ ಕಚ್ಚುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ಬಾಥೆಲ್‌ನಿಂದ):
ಅಣ್ಣ, ನಮಸ್ಕಾರ. ಊರು ಸಾಗರ, ಈಗ ಇರುವುದು ಸಿಯಾಟಲ್ ಪಕ್ಕ. ಹೋದ ವರ್ಷ 17 ಅಡಿಯ ಹಳೇ ಬೋಟ್ ಕೊಂಡೆ. ಪೊಸೆಷನ್ ಬಾರ್ ಅನ್ನುವ ಕಡಲೊಳಗಿನ ದಿಬ್ಬದ ಹತ್ತಿರ ಚಿನೂಕ್ ಸಾಲ್ಮನ್‌ಗೆ ಅಂತ ಮೂರು ಸಲ ಹೋಗಿ ಬರಿಗೈಲಿ ಬಂದೆ. 5 ಇಂಚಿನ ಪ್ಲಗ್, ಅದರ ಮುಂದೆ 11 ಇಂಚಿನ ಫ್ಲಾಶರ್ (ಮಿನುಗುತ್ತಾ ಸುತ್ತುವ ಪಟ್ಟಿ), ತಂತಿಗೆ ಭಾರದ ಗುಂಡು ಕಟ್ಟಿ ಗಾಳ ಇಳಿಸುವ ಡೌನ್‌ರಿಗ್ಗರ್‌ನಲ್ಲಿ 100 ಅಡಿ ಆಳ. ಜಿಪಿಎಸ್ ನೋಡಿಕೊಂಡು ವೇಗ ಸರಿಯಾಗಿ ಗಂಟೆಗೆ 3 ಮೈಲಿ ಇಡುತ್ತೇನೆ. ಪಕ್ಕದ ಬೋಟಿನವರು ಮಾತ್ರ ಮೀನು ಎತ್ತುತ್ತಾನೇ ಇರುತ್ತಾರೆ. ಬಣ್ಣ ತಪ್ಪಿರಬಹುದು ಅಂತ ಒಂಬತ್ತು ಬಣ್ಣದ ಪ್ಲಗ್ ತಂದಿಟ್ಟಿದ್ದೇನೆ. ಇನ್ನೂ ತರಬೇಕಾ?

ಉತ್ತರ (ಚಾರ್ಟರ್ ಬೋಟ್ ಗೈಡ್):
ಬೇಡ ಮಾರಾಯ್ರೆ, ಇರುವುದೇ ಜಾಸ್ತಿ ಆಯಿತು.

ಗುಂಪಿನಲ್ಲಿ ಹೊಸಬರಿದ್ದಾರೆ, ಅವರಿಗೊಂದು ಮಾತು. ಇದು ಟ್ರೋಲಿಂಗ್, ಟ್ರಾಲಿಂಗ್ ಅಲ್ಲ. ಮಲ್ಪೆಯ ಟ್ರಾಲರ್ ಬೋಟು ಎಳೆಯುವುದು ಬಲೆ. ಇಲ್ಲಿ ನಾವು ಎಳೆಯುವುದು ಗಾಳ. ನಾನು ಮಲ್ಪೆ ಕಡೆಯವನೇ. ಕೆಲಸ ಏನೆಂದು ಮೊದಲು ಫೋನಲ್ಲಿ ಹೇಳಿದಾಗ ಅಮ್ಮ, "ಅಷ್ಟು ಸಣ್ಣ ಬೋಟಲ್ಲಿ ಬಲೆ ಎಳೀತೀಯಾ?" ಅಂತ ಗಾಬರಿಯಾಗಿದ್ದರು. ಪ್ಲಗ್ ಅಂದರೆ ಮರದ್ದೋ ಪ್ಲಾಸ್ಟಿಕ್ಕಿನದೋ ಹುಸಿ ಮೀನು. ಇಲ್ಲಿ ಸಾಲ್ಮನ್ ತಿನ್ನುವ ಹೆರಿಂಗ್‌ನ ಹಾಗೆ ಕಾಣಬೇಕು. ಹೆರಿಂಗ್ ನಮ್ಮ ಬೂತಾಯಿಯ ದೂರದ ನೆಂಟ ಅಂದುಕೊಳ್ಳಿ.

ಈಗ ನಿಮ್ಮ ವಿಷಯ. ಮೊದಲು ಆ ಫ್ಲಾಶರ್ ಬಿಚ್ಚಿ. ಪ್ಲಗ್‌ನ ಮುಖ ಓರೆಯಾಗಿ ಕತ್ತರಿಸಿದಂತೆ ಇದೆ ಅಲ್ವಾ? ನೀರು ಅಲ್ಲಿಗೆ ಬಡಿದು ಪ್ಲಗ್ ಆ ಕಡೆ ಈ ಕಡೆ ತಾನೇ ತುಯ್ಯುತ್ತದೆ. ಅದರ ಜೀವ ಇರುವುದೇ ಅಲ್ಲಿ. ಮುಂದೆ ಅಷ್ಟು ದೊಡ್ಡ ಫ್ಲಾಶರ್ ಗಿರಗಿರ ಸುತ್ತುತ್ತಿದ್ದರೆ ಪ್ಲಗ್ ಅದರ ಬಾಲ ಆಗುತ್ತದೆ ಅಷ್ಟೇ. ಫ್ಲಾಶರ್ ಬೇಕು ಅನಿಸಿದರೆ ಹಿಂದೆ ಸ್ಪೂನೋ (ಚಮಚದಂಥ ಲೋಹದ ಹುಸಿ ಮೀನು) ಹೂಚಿಯೋ (ರಬ್ಬರಿನ ಹುಸಿ ಬೊಂಡಾಸ್) ಕಟ್ಟಿ. ಪ್ಲಗ್ ಒಂಟಿಯಾಗಿ ಹೋಗಲಿ, ಡೌನ್‌ರಿಗ್ಗರ್ ಕ್ಲಿಪ್ಪಿನಿಂದ 20-30 ಅಡಿ ಹಿಂದೆ.

ಎರಡನೆಯದು ವೇಗ. ನಿಮ್ಮ ನಿಜವಾದ ತಪ್ಪು ಇಲ್ಲೇ ಇದೆ ಅಂತ ನನ್ನ ಅನುಮಾನ. ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ. ಪ್ಲಗ್‌ಗೆ ನೆಲ ಗೊತ್ತಿಲ್ಲ, ನೀರು ಮಾತ್ರ ಗೊತ್ತು. ಇಳಿತದ ನೀರು ಗಂಟೆಗೆ ಒಂದೂವರೆ ಮೈಲಿ ಹರಿಯುತ್ತಿದೆ ಅಂತ ಇಟ್ಟುಕೊಳ್ಳಿ. ಅದರ ಎದುರು 3 ಮೈಲಿ ಹೋದರೆ ಪ್ಲಗ್‌ಗೆ ತಾಗುವುದು ನಾಲ್ಕೂವರೆ ಮೈಲಿಯ ನೀರು. ಅದರ ಜೊತೆಗೇ 3 ಮೈಲಿ ಹೋದರೆ ಬರೀ ಒಂದೂವರೆ. ಒಂದು ಕಡೆ ಹುಚ್ಚು ಕುಣಿತ, ಇನ್ನೊಂದು ಕಡೆ ನಿದ್ದೆ. ಪರದೆಯಲ್ಲಿ ಮಾತ್ರ ಎರಡೂ ಸಲ 3! ದಿಕ್ಕು ಬದಲಾಗದಿದ್ದರೆ ಈ ಗೊಂದಲವೇ ಇಲ್ಲ. ಅದಕ್ಕೇ ಇಲ್ಲಿ ಹೆಚ್ಚಿನವರು ವೇಗ ಹೊಂದಿಸಿಕೊಂಡು ನೀರಿನ ಜೊತೆಗೇ ಎಳೆದು, ಕೊನೆಯಲ್ಲಿ ಗಾಳ ಎತ್ತಿ, ಮತ್ತೆ ಮೇಲಕ್ಕೆ ಹೋಗಿ ಶುರು ಮಾಡುತ್ತಾರೆ.

ನಾನು ಮಾಡುವುದು ಇಷ್ಟು. ಪ್ಲಗ್ಗನ್ನು ಬೋಟಿನ ಪಕ್ಕದಲ್ಲೇ ನೀರಿಗೆ ಬಿಟ್ಟು ಅದು ಚೆನ್ನಾಗಿ ತುಯ್ಯುವ ವೇಗ ಕಂಡುಕೊಳ್ಳುತ್ತೇನೆ. ಆಗ ರಾಡಿನ ತುದಿ ಹೇಗೆ ನಡುಗುತ್ತದೆ ಅಂತ ನೋಡಿಟ್ಟುಕೊಳ್ಳುತ್ತೇನೆ. ಆಮೇಲೆ ದಿನವಿಡೀ ಕಣ್ಣು ಆ ತುದಿಯ ಮೇಲೆ. ನಡುಕ ನಿಂತರೆ ವೇಗ ಕಮ್ಮಿಯಾಗಿದೆ, ಇಲ್ಲವೇ ಪಾಚಿ ಸಿಕ್ಕಿದೆ. ಪ್ಲಗ್‌ಗೆ ನೀರಿನಲ್ಲಿ ಎರಡೂವರೆಯಿಂದ ಮೂರೂವರೆ ಮೈಲಿ ವೇಗ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಒಂದೊಂದು ಪ್ಲಗ್‌ನ ಹಟ ಒಂದೊಂದು ತರಹ.

ಪಕ್ಕಕ್ಕೆ ಬಿಟ್ಟಾಗ ಅದು ನೇರ ಹೋಗುತ್ತದಾ ಅಂತಲೂ ನೋಡಿ. ಎಡಕ್ಕೆ ಎಳೆದರೆ ಮೂಗಿನ ಕೊಂಡಿಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿ. ಅಂಗಡಿಯಿಂದ ತಂದ ಹೊಸ ಪ್ಲಗ್ ಅಂದ ಮಾತ್ರಕ್ಕೆ ನೇರ ಈಜುತ್ತದೆ ಅಂತೇನಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಆಳಕ್ಕೆ ಹೋದಂತೆ ಕೆಂಪು ಮೊದಲು ಮಾಯವಾಗುತ್ತದೆ. 100 ಅಡಿಯಲ್ಲಿ ನಿಮ್ಮ ಕೆಂಪು ಪ್ಲಗ್ ಕಪ್ಪಗಿರುತ್ತದೆ. ಮುತ್ತಿನ ಬಿಳಿ ಒಂದು, ಹಸಿರು ಒಂದು ಇದ್ದರೆ ಸಾಕು.

ಪ್ರಶ್ನೆ (ಟಕೋಮಾದಿಂದ):
ನಮ್ಮನೆಯವರು ಯಾರದೋ ಗ್ಯಾರೇಜ್ ಸೇಲಲ್ಲಿ ಹಳೇ ಪ್ಲಗ್ ತಂದಿದ್ದಾರೆ. ಹೊಟ್ಟೆಯ ಕೆಳಗೆ ಮೂರು ಮೊನೆಯ ಕೊಕ್ಕೆ ನೇತಾಡುತ್ತಿದೆ. ಹಾಗೇ ಬಳಸಬಹುದಾ?

ಉತ್ತರ:
ಬೇಡ ಅಕ್ಕ. ಪ್ಯೂಜೆಟ್ ಸೌಂಡ್‌ನಲ್ಲಿ, ಅಂದರೆ ಸಿಯಾಟಲ್ ಪಕ್ಕದ ನಮ್ಮ ಈ ಕಡಲಲ್ಲಿ, ಸಾಲ್ಮನ್‌ಗೆ ಒಂಟಿ ಮೊನೆಯ, ಹಿಮ್ಮುಳ್ಳು ಇಲ್ಲದ ಕೊಕ್ಕೆಯೇ ಆಗಬೇಕು. ಅದನ್ನು ತೆಗೆದು ಒಂಟಿ ಕೊಕ್ಕೆ ಹಾಕಿ. ಹಿಮ್ಮುಳ್ಳು ಇದ್ದರೆ ಇಕ್ಕಳದಿಂದ ಅದುಮಿ ಮಟ್ಟ ಮಾಡಿ. ಹಾಕಿದ ಮೇಲೆ ಮತ್ತೆ ಬೋಟಿನ ಪಕ್ಕ ಬಿಟ್ಟು ನೋಡಿ. ಕೊಕ್ಕೆಯ ತೂಕ ಬದಲಾದರೆ ತುಯ್ಯುವುದೂ ಬದಲಾಗುತ್ತದೆ.

ಹಿಮ್ಮುಳ್ಳು ಇಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳಲ್ವಾ ಅಂತ ಎಲ್ಲರೂ ಕೇಳುತ್ತಾರೆ. ದಾರ ಸಡಿಲ ಬಿಟ್ಟರೆ ತಪ್ಪಿಸಿಕೊಳ್ಳುತ್ತದೆ. ಬಿಗಿ ಇಟ್ಟರೆ ಅಷ್ಟು ಸುಲಭ ಅಲ್ಲ. ಕೆಲವು ಪ್ಲಗ್‌ಗಳಲ್ಲಿ ದಾರ ಹೊಟ್ಟೆಯ ಒಳಗಿಂದಲೇ ಹಾದು ಕೊಕ್ಕೆಗೆ ಹೋಗುತ್ತದೆ. ಮೀನು ಕಚ್ಚಿದ ಕೂಡಲೇ ಪ್ಲಗ್ ಜಾರಿ ದಾರದ ಮೇಲಕ್ಕೆ ಹೋಗುತ್ತದೆ. ಮೀನು ತಲೆ ಒದರಿದರೂ ಆ ಗಟ್ಟಿ ತುಂಡನ್ನು ಮೀಟುಗೋಲು ಮಾಡಿಕೊಂಡು ಕೊಕ್ಕೆ ಕಿತ್ತುಕೊಳ್ಳಲು ಆಗುವುದಿಲ್ಲ. ಯಾರು ಯೋಚಿಸಿದರೋ, ನನಗಂತೂ ಬಹಳ ಇಷ್ಟವಾದ ಉಪಾಯ.

ನಿಯಮ ಜಾಗದಿಂದ ಜಾಗಕ್ಕೆ, ಕೆಲವೊಮ್ಮೆ ವಾರದಿಂದ ವಾರಕ್ಕೆ ಬದಲಾಗುತ್ತದೆ. ಹೊರಡುವ ದಿನ ಬೆಳಿಗ್ಗೆ ವಾಷಿಂಗ್ಟನ್ ಮೀನು ಇಲಾಖೆಯ ಪುಟ ನೋಡಿಯೇ ಹೊರಡಿ. ಇನ್ನೊಂದು, ಈ ಕಡೆಯ ಓರ್ಕಾ ತಿಮಿಂಗಿಲಗಳಿಗೂ ಚಿನೂಕೇ ಮುಖ್ಯ ಊಟ. ಸದರ್ನ್ ರೆಸಿಡೆಂಟ್ ಗುಂಪಿನವು ಕಂಡರೆ 1000 ಗಜ ದೂರ ಇರಬೇಕು. 2025ರಿಂದ ಅದು ಕಾನೂನು.

ಬಾಥೆಲ್‌ನವರು, ಹತ್ತು ದಿನ ಬಿಟ್ಟು:
ಅಣ್ಣ, ಫ್ಲಾಶರ್ ಬಿಚ್ಚಿದೆ. ಒಂಬತ್ತರಲ್ಲಿ ನಾಲ್ಕು ಪ್ಲಗ್ ಸೊಟ್ಟ ಈಜುತ್ತಿದ್ದವು! ಸರಿ ಮಾಡಿಕೊಂಡು, ನೀರಿನ ಜೊತೆ ಎಳೆದೆ. ಬೆಳಗಿನ ಜಾವ ರಾಡ್ ಬಗ್ಗಿಯೇ ಬಿಟ್ಟಿತು. ಒಳ್ಳೆ ದೊಡ್ಡ ಚಿನೂಕ್. ಆದರೆ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಆ ಚಿಕ್ಕ ರೆಕ್ಕೆ ಇತ್ತು. ಬಿಟ್ಟೆ. ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಅಂದ ಹಾಗೆ, ಡೌನ್‌ರಿಗ್ಗರ್ ಕೌಂಟರ್ 100 ಅಡಿ ತೋರಿಸುತ್ತಿದ್ದರೂ ತಂತಿ ಓರೆಯಾಗಿ ಹಿಂದಕ್ಕೆ ಹೋಗಿತ್ತು. ಅದು ಸರಿಯಾ?

ಉತ್ತರ:
ಬಿಟ್ಟಿದ್ದು ಸರಿಯಾಯಿತು. ಆ ಚಿಕ್ಕ ರೆಕ್ಕೆ ಇದ್ದರೆ ಕಾಡು ಮೀನು ಅಂತಲೇ ಲೆಕ್ಕ. ಹ್ಯಾಚರಿಯಲ್ಲಿ ಮರಿ ಮಾಡಿಸಿ ಬೆಳೆಸಿದ್ದರ ಆ ರೆಕ್ಕೆಯನ್ನು ಗುರುತಿಗೆ ಅಂತ ಮರಿಯಲ್ಲೇ ಕತ್ತರಿಸಿರುತ್ತಾರೆ. ಪ್ಯೂಜೆಟ್ ಸೌಂಡ್‌ನ ಕಾಡು ಚಿನೂಕ್ 1999ರಿಂದ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಫೋಟೋಗೆ ಅಂತ ಬೋಟಿನೊಳಗೆ ಎಳೆದುಕೊಳ್ಳಲೂಬಾರದು. ನೀರಲ್ಲೇ ಕೊಕ್ಕೆ ಬಿಡಿಸಬೇಕು. ಹಾಗಾಗಿ ಮನೆಯವರನ್ನು ನಂಬಿಸುವುದು ನಿಮ್ಮ ಬಾಯಿಗೆ ಬಿಟ್ಟಿದ್ದು.

ತಂತಿ ಓರೆಯಾಗುವುದು ಸಹಜ. 30 ಡಿಗ್ರಿ ಓರೆಯಾದರೆ 100 ಅಡಿ ತಂತಿ ಬಿಟ್ಟರೂ ಗುಂಡು ಇರುವುದು ಸುಮಾರು 87 ಅಡಿಯಲ್ಲಿ. ಚಿನೂಕ್ ತಳದ ಹತ್ತಿರ ಓಡಾಡುವ ಮೀನು. ಆ 13 ಅಡಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಗುಂಡು ಎಷ್ಟು ಪೌಂಡಿನದು? 10 ಆಗಿದ್ದರೆ 15ರದ್ದು ಹಾಕಿ ನೋಡಿ, ಓರೆ ಕಮ್ಮಿಯಾಗುತ್ತದೆ. ಅದಕ್ಕಿಂತ ಮೊದಲು ಡೌನ್‌ರಿಗ್ಗರ್ ಅಷ್ಟು ಭಾರ ತಡೆಯುತ್ತದಾ ನೋಡಿಕೊಳ್ಳಿ, ಹಳೇ ಬೋಟು ಅಂದಿರಲ್ಲ.